ಸೋಮವಾರ ಸಂಜೆಯ ತಾಲೀಮು

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೂ ಸಲಿಂಗಿಗಳ ಬದುಕಿಗೂ ಇರುವ ನಂಟನ್ನು ಬರೆಯಹೊರಟವರು ಬಹುಮಟ್ಟಿಗೆ ದೊಡ್ಡ ಹೆಸರುಗಳಿಂದಲೇ ಶುರುಮಾಡುತ್ತಾರೆ. ಚೈಕೋವ್‌ಸ್ಕಿ ತಮ್ಮ ಮೊಡೆಸ್ಟ್‌ಗೆ ಬರೆದು, ಸೋವಿಯತ್ ಕಾಲದಲ್ಲಿ ಕತ್ತರಿಗೆ ಸಿಕ್ಕ ಕಾಗದಗಳು ಮೊದಲು ಬರುತ್ತವೆ. ಆಮೇಲೆ ಬೆಂಜಮಿನ್ ಬ್ರಿಟ್ಟನ್ ಮತ್ತು ಗಾಯಕ ಪೀಟರ್ ಪಿಯರ್ಸ್ ದಶಕಗಳ ಕಾಲ ಜೊತೆಯಾಗಿ ಬಾಳಿದ ಕತೆ; 1976ರಲ್ಲಿ ಬ್ರಿಟ್ಟನ್ ತೀರಿಕೊಂಡಾಗ ಇಂಗ್ಲೆಂಡಿನ ರಾಣಿ ಸಂತಾಪದ ಸಂದೇಶವನ್ನು ಪಿಯರ್ಸ್ ಅವರಿಗೇ ಕಳಿಸಿದ ಪ್ರಸಂಗ. ನಂತರ ಶೂಬರ್ಟನ ಗೆಳೆಯರ ಬಳಗದ ಬಗ್ಗೆ ಊಹಾಪೋಹ. ಇದೆಲ್ಲ ತಿಳಿಯಬೇಕಾದ ಸಂಗತಿಯೇ. ಆದರೆ ಈ ದಾರಿಯಲ್ಲಿ ಹೋದರೆ ಚರಿತ್ರೆ ಎಂಬುದು ಕೆಲವು ಪ್ರತಿಭಾವಂತರ ಖಾಸಗಿ ಕೋಣೆಗಳ ತಪಾಸಣೆಯಾಗಿ ಮುಗಿದುಹೋಗುತ್ತದೆ. ಹಗಲೆಲ್ಲ ದುಡಿದು ಸಂಜೆ ಹಾಡಲು ಕೂಡಿದ ಸಾವಿರಾರು ಹವ್ಯಾಸಿಗಳಿಗೆ ಅದರಲ್ಲಿ ಜಾಗವೇ ಸಿಗುವುದಿಲ್ಲ. ನನ್ನ ವಾದ ಇಷ್ಟು: ಅಮೆರಿಕದಲ್ಲಿ ಸಲಿಂಗಿಗಳು ಶಾಸ್ತ್ರೀಯ ಸಂಗೀತವನ್ನು ನಿಜವಾಗಿ ತಮ್ಮದಾಗಿಸಿಕೊಂಡದ್ದು 1970ರ ದಶಕದ ಕೊನೆಯ ಗಾಯನ ತಂಡಗಳಲ್ಲಿ. ಆ ತಂಡಗಳು ಉಳಿದು ಬೆಳೆದದ್ದು ಯಾರೊಬ್ಬರ ಪ್ರತಿಭೆಯಿಂದಲ್ಲ, ವಾರಕ್ಕೊಮ್ಮೆ ತಪ್ಪದೆ ನಡೆದ ತಾಲೀಮಿನಿಂದ.

ಈ ತಂಡಗಳು ಶೂನ್ಯದಿಂದ ಹುಟ್ಟಲಿಲ್ಲ. ಗಂಡಸರಷ್ಟೇ ಸೇರಿ ನಾಲ್ಕು ಸ್ವರಶ್ರೇಣಿಗಳಲ್ಲಿ ಹಾಡುವ ಪದ್ಧತಿಗೆ ಯುರೋಪಿನಲ್ಲಿ ಹಳೆಯ ಬುನಾದಿಯಿತ್ತು. 1809ರಲ್ಲಿ ಬರ್ಲಿನ್ನಿನಲ್ಲಿ ಕಾರ್ಲ್ ಫ್ರೀಡ್ರಿಷ್ ಝೆಲ್ಟರ್ ನಡೆಸತೊಡಗಿದ ಗಾಯನಗೋಷ್ಠಿ ಅದಕ್ಕೊಂದು ಮಾದರಿ ಹಾಕಿಕೊಟ್ಟಿತು. ಝೆಲ್ಟರ್ ಅವರ ಶಿಷ್ಯ ಫೆಲಿಕ್ಸ್ ಮೆಂಡೆಲ್ಸನ್, ಜೊತೆಗೆ ಶೂಬರ್ಟ್, ಶೂಮನ್ ಮೊದಲಾದವರು ಇಂಥ ತಂಡಗಳಿಗೆಂದೇ ಬರೆದರು. ವಲಸೆ ಹೋದ ಜರ್ಮನರು ಈ ರೂಢಿಯನ್ನು ಅಮೆರಿಕಕ್ಕೂ ಒಯ್ದರು. ಅಲ್ಲಿನ ಕಾಲೇಜುಗಳು ತಮ್ಮವೇ ತಂಡಗಳನ್ನು ಕಟ್ಟಿದವು, ಹಾರ್ವರ್ಡ್‌ನದು 1858ರಷ್ಟು ಹಿಂದಿನದು. ಹೀಗಾಗಿ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕದ ಸಣ್ಣ ಊರೊಂದರಲ್ಲಿ ಬೆಳೆದ ಹುಡುಗನಿಗೆ ಸ್ವರಲಿಪಿ ಓದಲು, ಪಕ್ಕದವನ ಉಸಿರಿಗೆ ತನ್ನ ಉಸಿರು ಹೊಂದಿಸಲು ಶಾಲೆಯೋ ಚರ್ಚೋ ಕಲಿಸಿಕೊಟ್ಟಿರುತ್ತಿತ್ತು. ಮುಂದೆ ಅದೇ ಊರು, ಅದೇ ಚರ್ಚು ಅವನನ್ನು ಒಪ್ಪದೆ ಹೋಗಬಹುದು. ಅವನು ನಗರದ ದಾರಿ ಹಿಡಿಯಬಹುದು. ಕಲಿತ ವಿದ್ಯೆಯನ್ನು ಮಾತ್ರ ಯಾರೂ ಕಿತ್ತುಕೊಳ್ಳುವಂತಿರಲಿಲ್ಲ. ಸ್ಯಾನ್‌ಫ್ರಾನ್ಸಿಸ್ಕೊ ಸೇರಿದ ಗೇ ಯುವಕರಲ್ಲಿ ಹಲವರು ಇಂಥ ಕಂಠಗಳನ್ನು ಹೊತ್ತು ತಂದಿದ್ದರು, ಹಾಡಲು ಜಾಗವಿರಲಿಲ್ಲ.

ಆ ಜಾಗ ಮಾಡಿಕೊಟ್ಟವರು ಜಾನ್ ರೀಡ್ ಸಿಮ್ಸ್, ಕಾನ್ಸಾಸ್ ರಾಜ್ಯದ ಸ್ಮಿತ್ ಸೆಂಟರ್ ಎಂಬ ಪುಟ್ಟ ಊರಿನವರು. ಅವರ ಕೆಲಸವನ್ನು ಅರಿಯಲು ಆ ವರ್ಷಗಳ ಬಿಸಿಯನ್ನು ನೆನೆಯಬೇಕು. ಕ್ಯಾಲಿಫೋರ್ನಿಯ 1975ರಲ್ಲಷ್ಟೇ ಸಲಿಂಗ ಸಂಬಂಧವನ್ನು ಅಪರಾಧಗಳ ಪಟ್ಟಿಯಿಂದ ಕೈಬಿಟ್ಟಿತ್ತು. ಅಂದು ಸೆನೆಟ್‌ನಲ್ಲಿ ಮತಗಳು ಸಮಸಮವಾಗಿ ನಿಂತಾಗ, ಲೆಫ್ಟಿನೆಂಟ್ ಗವರ್ನರ್ ಬಂದು ನಿರ್ಣಾಯಕ ಮತ ಹಾಕುವವರೆಗೆ ಸದನವನ್ನು ಹಿಡಿದಿಟ್ಟವರು ಬಹುಮತ ಪಕ್ಷದ ನಾಯಕ ಜಾರ್ಜ್ ಮಾಸ್ಕೋನಿ. ಮುಂದೆ ಅವರೇ ಸ್ಯಾನ್‌ಫ್ರಾನ್ಸಿಸ್ಕೊದ ಮೇಯರ್ ಆದರು. ಆದರೆ 1977ರಲ್ಲಿ ಫ್ಲಾರಿಡಾದಲ್ಲಿ ಗಾಯಕಿ ಅನಿತಾ ಬ್ರಯಂಟ್ ಮುಂದಾಳುತನದಲ್ಲಿ ಸಲಿಂಗಿಗಳ ರಕ್ಷಣೆಯ ಕಟ್ಟಳೆಯೊಂದು ರದ್ದಾಯಿತು. ಅದರ ಹಿಂದೆಯೇ ಸರ್ಕಾರಿ ಶಾಲೆಗಳಲ್ಲಿ ಸಲಿಂಗಿ ಶಿಕ್ಷಕರು ಇರಕೂಡದೆಂಬ ಪ್ರಸ್ತಾಪ ಕ್ಯಾಲಿಫೋರ್ನಿಯದಲ್ಲಿ ಜನಮತಕ್ಕೆ ಬಂತು. ಸಿಮ್ಸ್ 1978ರಲ್ಲಿ ಮೊದಲು ಒಂದು ವಾದ್ಯತಂಡ ಕಟ್ಟಿದರು, ಅದು ಜೂನ್ ತಿಂಗಳ ಮೆರವಣಿಗೆಯಲ್ಲಿ ನುಡಿಸುತ್ತ ನಡೆಯಿತು. ಅದೇ ವರ್ಷ ಅಕ್ಟೋಬರ್ 30ರ ಸೋಮವಾರ ಸಂಜೆ ಸ್ಯಾನ್‌ಫ್ರಾನ್ಸಿಸ್ಕೊ ಗೇ ಪುರುಷರ ಗಾಯನ ತಂಡದ ಮೊದಲ ತಾಲೀಮು. ನೂರಕ್ಕೂ ಹೆಚ್ಚು ಮಂದಿ ಬಂದರು. ಶಿಕ್ಷಕರನ್ನು ಹೊರಹಾಕುವ ಪ್ರಸ್ತಾಪಕ್ಕೆ ಮತದಾನವಾಗಿ ಅದು ಸೋತದ್ದು ನವೆಂಬರ್ 7ರಂದು. ಅಂದರೆ ಈ ಜನ ಕೂಡಿದಾಗ ಫಲಿತಾಂಶ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಗೇ ಎಂಬ ಹೆಸರು ಹೊತ್ತ ತಂಡದಲ್ಲಿ ಕಾಣಿಸಿಕೊಂಡರೆ ಕೆಲಸಕ್ಕೇ ಸಂಚಕಾರ ಬರಬಹುದಾದ ವಾರದಲ್ಲಿ ಅವರು ಬಂದಿದ್ದರು.

ನಾಲ್ಕು ವಾರ ಕಳೆದು ಬಂದ ಸೋಮವಾರ, ನವೆಂಬರ್ 27. ಬೆಳಿಗ್ಗೆ ನಗರಸಭೆಯ ಮಾಜಿ ಸದಸ್ಯ ಡ್ಯಾನ್ ವೈಟ್ ಸಿಟಿ ಹಾಲ್‌ನೊಳಗೆ ಹೊಕ್ಕು ಮೇಯರ್ ಮಾಸ್ಕೋನಿಯವರನ್ನೂ ಹಾರ್ವೆ ಮಿಲ್ಕ್ ಅವರನ್ನೂ ಗುಂಡಿಟ್ಟು ಕೊಂದ. ತಾನು ಗೇ ಎಂದು ಬಚ್ಚಿಡದೆ ಗೆದ್ದ, ಅಮೆರಿಕದ ಮೊದಲ ಕೆಲವೇ ಜನಪ್ರತಿನಿಧಿಗಳಲ್ಲಿ ಮಿಲ್ಕ್ ಒಬ್ಬರು. ಆಪೆರಾ ಎಂದರೆ ಪ್ರಾಣ ಬಿಡುತ್ತಿದ್ದವರು. ಅಂದು ಸಂಜೆ ಸಾವಿರಾರು ಜನ ಮೇಣದಬತ್ತಿ ಹಿಡಿದು ಕ್ಯಾಸ್ಟ್ರೋ ಬಡಾವಣೆಯಿಂದ ಸಿಟಿ ಹಾಲ್‌ವರೆಗೆ ನಡೆದರು. ತಾಲೀಮಿನ ಸಂಜೆಯಾಗಿದ್ದರಿಂದ ಗಾಯಕರು ಹೇಗೂ ಒಟ್ಟು ಸೇರುವವರೇ ಇದ್ದರು. ಅವರು ಸಿಟಿ ಹಾಲ್‌ನ ಮೆಟ್ಟಿಲ ಮೇಲೆ ನಿಂತು ಮೆಂಡೆಲ್ಸನ್ನರ ಒಂದು ಪ್ರಾರ್ಥನಾಗೀತೆಯನ್ನು ಹಾಡಿದರು. ತಂಡ ಸಾರ್ವಜನಿಕವಾಗಿ ಹಾಡಿದ್ದು ಅದೇ ಮೊದಲು. ಯಾವ ಕಛೇರಿಯೂ ಗೊತ್ತಾಗಿರಲಿಲ್ಲ, ವೇದಿಕೆಯೂ ಇರಲಿಲ್ಲ. ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ಅದರ ಶೋಕವನ್ನು ಒತ್ತಿ ಹೇಳುತ್ತಾರೆ. ನನಗೆ ಮುಖ್ಯವೆನಿಸುವುದು ಬೇರೆ. ದುಃಖದಲ್ಲಿ ಯಾರು ಬೇಕಾದರೂ ಗಟ್ಟಿಯಾಗಿ ಹಾಡಬಹುದು. ಆದರೆ ನಾಲ್ಕು ಶ್ರೇಣಿಯ ಸ್ವರಸಂಯೋಜನೆಯನ್ನು ಬಯಲಲ್ಲಿ, ಚಳಿಯಲ್ಲಿ, ಎದೆಯೊಡೆದ ಹೊತ್ತಿನಲ್ಲಿ ಹಾಡಬೇಕಾದರೆ ಮೊದಲೇ ಕಲಿತಿರಬೇಕು. ಅವರಿಗೆ ಸಿಕ್ಕಿದ್ದ ಬೆರಳೆಣಿಕೆಯ ತಾಲೀಮುಗಳು ಆ ರಾತ್ರಿಗೆ ಸಾಕಾದವು.

ವಾರದ ತಾಲೀಮು ಸಲಿಂಗಿಗಳಿಗೆ ಕೊಟ್ಟ ಹೊಸತೇನು ಎಂಬುದನ್ನು ಅದಕ್ಕೆ ಮುಂಚಿನ ಜಾಗಗಳೊಡನೆ ಹೋಲಿಸಿ ನೋಡಬೇಕು. ಅಮೆರಿಕದ ನಗರಗಳಲ್ಲಿ ಅವರಿಗೆ ಬಹುಕಾಲ ಇದ್ದದ್ದು ಬಾರ್‌ಗಳು. ಅವು ತಡರಾತ್ರಿಯ, ಪೊಲೀಸರು ಯಾವಾಗ ಬೇಕಾದರೂ ನುಗ್ಗಬಹುದಾದ ತಾಣಗಳು. 1969ರ ಜೂನ್‌ನಲ್ಲಿ ನ್ಯೂಯಾರ್ಕಿನ ಸ್ಟೋನ್‌ವಾಲ್ ದಂಗೆ ಹೊತ್ತಿಕೊಂಡದ್ದು ಅಂಥದೊಂದು ದಾಳಿಯಿಂದಲೇ. ಬಾರ್‌ಗಳ ಋಣವನ್ನು ಅಲ್ಲಗಳೆಯಲಾಗದು. ಆದರೆ ಅಲ್ಲಿ ಬರುವವನಿಗೆ ಬರಲೇಬೇಕೆಂಬ ಕಟ್ಟುಪಾಡಿಲ್ಲ, ಬರದಿದ್ದರೆ ಕೇಳುವವರಿಲ್ಲ. ಗಾಯನ ತಂಡದಲ್ಲಿ ಹಾಗಲ್ಲ. ಎರಡನೆಯ ಟೆನರ್ ಸಾಲಿನಲ್ಲಿ ಒಬ್ಬ ಕಾಣದಿದ್ದರೆ ಸ್ವರವೇ ತೆಳುವಾಗುತ್ತದೆ. ಪಕ್ಕದವನು ಅವನಿಗೇನಾಯಿತೆಂದು ವಿಚಾರಿಸುತ್ತಾನೆ. ನಮ್ಮ ಹಳ್ಳಿಗಳಲ್ಲಿ ವಾರದ ಭಜನೆಗೆ ತಾಳದವನು ಬಾರದಿದ್ದರೆ ಯಾರಾದರೂ ಅವನ ಮನೆಯ ಬಾಗಿಲು ತಟ್ಟುವುದಿಲ್ಲವೆ, ಅಂಥದೇ ನಂಟು ಇದು. ಜೊತೆಗೆ ಇದು ಕೆಲಸದ ವಾರದೊಳಗೇ ಬಿಡುವು ಮಾಡಿಕೊಂಡ ಸಂಜೆ. ಕಚೇರಿಯಲ್ಲಿ ಸುಳ್ಳು ಗುರುತು, ರಾತ್ರಿ ನಿಜ ಗುರುತು ಎಂದು ಎರಡಾಗಿ ಸೀಳಿಹೋದ ಬದುಕಿಗೆ, ಆರೂವರೆ ಏಳಕ್ಕೆ ಕೆಲಸದ ಬಟ್ಟೆಯಲ್ಲೇ ಬಂದು ದೀಪದ ಬೆಳಕಲ್ಲಿ ಕೂತು ಹಾಡುವ ಹೊತ್ತೊಂದು ನಡುವೆ ಹುಟ್ಟಿತು. ಹೊಸದಾಗಿ ಸಿಕ್ಕ ಧ್ವನಿಮುದ್ರಣ, ಹೊಸ ಸಂಯೋಜಕನ ಹೆಸರು, ಯಾವ ವೈದ್ಯರು ಮುಖ ಸಿಂಡರಿಸದೆ ನೋಡುತ್ತಾರೆಂಬ ಸುದ್ದಿ, ಎಲ್ಲವೂ ಕೈದಾಟುವುದು ಇಂಥ ಹೊತ್ತಿನ ವಿರಾಮಗಳಲ್ಲೇ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಮೆಂಡೆಲ್ಸನ್, ಶೂಬರ್ಟ್, ಇಸ್ತ್ರಿ ಮಾಡಿದ ಕಪ್ಪು ಸೂಟು, ಇವೆಲ್ಲ ಬಹುಸಂಖ್ಯಾತರ ಮುಂದೆ ನಾವೂ ಸಂಭಾವಿತರೇ ಎಂದು ಅರ್ಜಿ ಹಾಕಿದಂತಲ್ಲವೆ? ಸಿಟ್ಟನ್ನು ಸಂಗೀತದಲ್ಲಿ ಕರಗಿಸಿ ಹೋರಾಟದ ಮೊನಚನ್ನು ಮೊಂಡು ಮಾಡಿದಂತಲ್ಲವೆ? ಚರಿತ್ರೆ ಹಾಗೆ ಹೇಳುವುದಿಲ್ಲ. ಮೆಟ್ಟಿಲ ಮೇಲಿನ ಆ ಹಾಡಿಗೆ ಆರು ತಿಂಗಳಾಗುವ ಹೊತ್ತಿಗೆ, 1979ರ ಮೇ 21ರಂದು, ಡ್ಯಾನ್ ವೈಟ್‌ನದು ಕೊಲೆಯಲ್ಲ, ಅದಕ್ಕಿಂತ ಕಡಿಮೆ ದರ್ಜೆಯ ಅಪರಾಧ ಎಂದು ಜ್ಯೂರಿ ತೀರ್ಪಿತ್ತಿತು. ಅಂದು ರಾತ್ರಿ ಅದೇ ಸಿಟಿ ಹಾಲ್‌ನ ಗಾಜುಗಳು ಪುಡಿಯಾದವು, ಪೊಲೀಸ್ ಕಾರುಗಳು ಉರಿದವು. ಹಾಡು ಸಿಟ್ಟನ್ನು ನುಂಗಿರಲಿಲ್ಲ. ಎರಡೂ ಒಂದೇ ಸಮುದಾಯದ ಒಡಲಿನಲ್ಲಿ ಬೇರೆ ಬೇರೆ ಕೆಲಸಕ್ಕೆ ಇದ್ದವು. ಸಿಟ್ಟಿಗೆ ಒಂದು ರಾತ್ರಿ ಬೇಕಾಗುತ್ತದೆ. ಮರುವಾರವೂ ಅದರ ಮುಂದಿನ ವಾರವೂ ಜನರನ್ನು ಒಟ್ಟಿಗಿಡಲು ಬೇರೆಯೇ ಕಸುಬು ಬೇಕು. ಇನ್ನು ಸಂಭಾವಿತತನದ ಮಾತು. ಸಲಿಂಗಿಗಳನ್ನು ಖಂಡಿಸಲು ಧರ್ಮಗ್ರಂಥವನ್ನೇ ಎತ್ತಿ ತೋರಿಸುತ್ತಿದ್ದ ವರ್ಷದಲ್ಲಿ ಅವರು ದೇವರಲ್ಲಿ ಆಶ್ರಯ ಬೇಡುವ ಗೀತೆಯನ್ನೇ ಆರಿಸಿ, ಗೇ ಎಂಬ ಹೆಸರಿನಡಿ ನಿಂತು ಹಾಡಿದರು. ಒಪ್ಪಿಗೆ ಕೋರುವವರ ನಡೆ ಹೀಗಿರುವುದಿಲ್ಲ. ಆ ಪರಂಪರೆಯಲ್ಲಿ ನಮ್ಮ ಪಾಲೂ ಇದೆ ಎಂದು ಹಕ್ಕು ಸ್ಥಾಪಿಸಿದವರ ನಡೆ ಅದು.

1981ರ ಜೂನ್‌ನಲ್ಲಿ ತಂಡ ದೇಶದ ಒಂಬತ್ತು ನಗರಗಳ ಪ್ರವಾಸ ಹೊರಟಿತು. ಹಣ ಹೊಂದಿಸಲು ಸಾಲ ಮಾಡಿದರು, ಕೆಲವು ಸದಸ್ಯರು ಮನೆಗಳನ್ನೇ ಅಡವಿಟ್ಟರು. ಆಗ ನಿರ್ದೇಶಕರಾಗಿದ್ದವರು ಡಿಕ್ ಕ್ರೇಮರ್. ವಾಷಿಂಗ್ಟನ್ನಿನ ಕೆನಡಿ ಸೆಂಟರ್‌ನಲ್ಲಿ ಅವರ ಗಾಯನ ಕೇಳಿದವರು ಅದೇ ವರ್ಷ ತಮ್ಮ ನಗರದಲ್ಲೊಂದು ತಂಡ ಆರಂಭಿಸಿದರು. ಮಿನಿಯಾಪೊಲಿಸ್ ಭಾಗದಲ್ಲೂ 1981ರಲ್ಲೇ, ಬಾಸ್ಟನ್ನಿನಲ್ಲಿ 1982ರಲ್ಲಿ ತಂಡಗಳು ಹುಟ್ಟಿದವು. ಲಾಸ್ ಏಂಜಲಿಸ್, ಶಿಕಾಗೊ, ಸಿಯಾಟಲ್‌ಗಳಲ್ಲಿ 1979ರಲ್ಲೇ ಶುರುವಾಗಿದ್ದವು. ಎಲ್ಲರೂ ಗೇ ಎಂಬ ಹೆಸರನ್ನು ಇಟ್ಟುಕೊಳ್ಳಲಿಲ್ಲ. ಡಲ್ಲಾಸ್‌ನವರು 1980ರಲ್ಲಿ ತಮ್ಮ ತಂಡಕ್ಕೆ ಊರಿನ ತೊರೆಯೊಂದರ ಹೆಸರಿಟ್ಟು ಟರ್ಟಲ್ ಕ್ರೀಕ್ ಕೊರಾಲ್ ಎಂದು ಕರೆದುಕೊಂಡರು. ಇದನ್ನು ಹೇಡಿತನ ಎನ್ನುವ ಮುನ್ನ, ಟೆಕ್ಸಾಸ್‌ನಲ್ಲಿ ಸಲಿಂಗ ಸಂಬಂಧ 2003ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ಹೊಡೆದುಹಾಕುವವರೆಗೂ ಅಪರಾಧವೇ ಆಗಿತ್ತೆಂಬುದನ್ನು ಮರೆಯಬಾರದು. ಇಪ್ಪತ್ತಮೂರು ವರ್ಷ ಆ ಗಾಯಕರು ಕಾನೂನಿನ ಕಣ್ಣಲ್ಲಿ ಅಪರಾಧಿಗಳಾಗಿದ್ದುಕೊಂಡೇ ತಾಲೀಮಿಗೆ ಬಂದರು. ತಂಡಗಳ ಒಕ್ಕೂಟ 1982ರಲ್ಲಿ ರೂಪುಗೊಂಡಿತು; 1983ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನ ಆಲಿಸ್ ಟಲ್ಲಿ ಸಭಾಂಗಣದಲ್ಲಿ ದೇಶದ ಹಲವು ತಂಡಗಳು ಸೇರಿ ಉತ್ಸವ ನಡೆಸಿದವು.

ಪ್ರವಾಸ ಹೊರಟ ಆ ಜೂನ್ ತಿಂಗಳಲ್ಲೇ, 5ನೇ ತಾರೀಖು, ಲಾಸ್ ಏಂಜಲಿಸ್‌ನ ಐವರು ಗೇ ಯುವಕರಿಗೆ ತಗುಲಿದ ಅಪರೂಪದ ನ್ಯುಮೋನಿಯಾದ ಬಗ್ಗೆ ಸರ್ಕಾರಿ ಆರೋಗ್ಯ ಇಲಾಖೆಯ ಪುಟ್ಟ ವರದಿ ಹೊರಬಿದ್ದಿತ್ತು. ಏಡ್ಸ್‌ನ ಮೊದಲ ದಾಖಲೆ ಅದು. ಸಿಮ್ಸ್ 1984ರಲ್ಲಿ ಆ ರೋಗಕ್ಕೆ ಬಲಿಯಾದರು, ನಲವತ್ತು ಕೂಡ ತುಂಬಿರಲಿಲ್ಲ. ಸ್ಯಾನ್‌ಫ್ರಾನ್ಸಿಸ್ಕೊ ತಂಡವೊಂದೇ ಮುಂದಿನ ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು ಸದಸ್ಯರನ್ನು ಕಳೆದುಕೊಂಡಿತು. 1993ರ ಒಂದು ಛಾಯಾಚಿತ್ರ ಪ್ರಸಿದ್ಧವಾಗಿದೆ: ಬಿಳಿ ಬಟ್ಟೆ ತೊಟ್ಟ ಕೆಲವೇ ಜನ ಕ್ಯಾಮೆರಾದತ್ತ ಮುಖಮಾಡಿದ್ದಾರೆ, ಅವರು ಬದುಕುಳಿದ ಮೂಲ ಸದಸ್ಯರು; ಕಪ್ಪು ಬಟ್ಟೆಯ ಉಳಿದವರು ಸತ್ತವರ ಪರವಾಗಿ ಬೆನ್ನು ತಿರುಗಿಸಿ ನಿಂತಿದ್ದಾರೆ. ಇಂಥ ಹೊಡೆತಕ್ಕೆ ಯಾವ ಸಂಘವಾದರೂ ಕುಸಿಯಬೇಕಿತ್ತು. ಕುಸಿಯದಿರಲು ಕಾರಣ ಗಾಯನ ತಂಡದ ರಚನೆಯಲ್ಲೇ ಇದೆ ಎಂದು ನಾನು ತಿಳಿಯುತ್ತೇನೆ. ಇಲ್ಲಿ ಹಾಡು ಯಾರೊಬ್ಬನ ಕಂಠವನ್ನೂ ನೆಚ್ಚಿಕೊಂಡಿಲ್ಲ. ಒಬ್ಬ ಹೋದರೆ ಅವನ ಸ್ವರಲಿಪಿಯ ಹಾಳೆ, ಅವನು ಪೆನ್ಸಿಲಿನಲ್ಲಿ ಗುರುತು ಮಾಡಿದ ಉಸಿರಿನ ಜಾಗಗಳು ಮುಂದೆ ಬಂದವನಿಗೆ ದಾಟುತ್ತವೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು, ಅಂತ್ಯಸಂಸ್ಕಾರದಲ್ಲಿ ಹಾಡಲು, ಚಂದಾ ಎತ್ತಲು ಬೇಕಾದ ಹೆಸರುಪಟ್ಟಿ, ದೂರವಾಣಿ ಸಂಖ್ಯೆ, ವಾರದ ಭೇಟಿ ಎಲ್ಲವೂ ಆಗಲೇ ಸಿದ್ಧವಿದ್ದವು. ರಕ್ತಸಂಬಂಧಿಗಳು ಬಾರದ ಶವಯಾತ್ರೆಗಳು ಆ ಕಾಲದಲ್ಲಿ ಅಪರೂಪವಾಗಿರಲಿಲ್ಲ. ಹಾಡುವವರಿದ್ದರು.

ದೊಡ್ಡ ಸಂಯೋಜಕರು ಈ ಕತೆಯೊಳಗೆ ಬರುವುದು ಇಲ್ಲಿ, ಹವ್ಯಾಸಿಗಳ ಕರೆಗೆ ಓಗೊಟ್ಟು. 1983ರ ಉತ್ಸವಕ್ಕಾಗಿ ನೆಡ್ ರೋರೆಮ್ ವಾಲ್ಟ್ ವಿಟ್ಮನ್‌ನ ಕವಿತೆಗಳಿಗೆ ಸ್ವರ ಕೂಡಿಸಿದರು. ಲೂ ಹ್ಯಾರಿಸನ್ 1971ರಲ್ಲಿ ಬೊಂಬೆಯಾಟಕ್ಕೆಂದು ಬರೆದ, ಯುವಕ ಸೀಸರ್ ಮತ್ತು ನಿಕೊಮೆಡಿಸ್ ರಾಜನ ಪ್ರೇಮದ ಆಪೆರಾವನ್ನು 1988ರಲ್ಲಿ ಪೋರ್ಟ್‌ಲೆಂಡಿನ ಗೇ ಪುರುಷರ ತಂಡಕ್ಕಾಗಿ ತಿದ್ದಿ ಬರೆದರು. ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದದ್ದು ಜಾನ್ ಕೊರಿಲಿಯಾನೊ ಅವರ ಮೊದಲ ಸಿಂಫನಿಯ ಬಗ್ಗೆ. ಏಡ್ಸ್‌ನಿಂದ ತೀರಿಕೊಂಡ ಗೆಳೆಯರಿಗಾಗಿ ಬರೆದ ಅದನ್ನು 1990ರಲ್ಲಿ ಡೇನಿಯಲ್ ಬಾರೆನ್‌ಬಾಯ್ಮ್ ನಿರ್ದೇಶನದಲ್ಲಿ ಶಿಕಾಗೊ ಸಿಂಫನಿ ಮೊದಲು ನುಡಿಸಿತು. ಅದರ ಒಂದು ಭಾಗಕ್ಕಾಗಿ ನಾಟಕಕಾರ ವಿಲಿಯಂ ಹಾಫ್ಮನ್ ಸತ್ತ ಗೆಳೆಯರ ಹೆಸರುಗಳನ್ನು ಪೋಣಿಸಿ ಸಾಲುಗಳನ್ನು ಬರೆದುಕೊಟ್ಟಿದ್ದರು. ಕೊರಿಲಿಯಾನೊ ಅವಕ್ಕೆ ಸ್ವರ ಹಾಕಿ, ಆಮೇಲೆ ಮಾತುಗಳನ್ನು ತೆಗೆದು ಸ್ವರವನ್ನಷ್ಟೇ ವಾದ್ಯಗಳಿಗೆ ಕೊಟ್ಟರು. ಸಿಂಫನಿಯಲ್ಲಿ ಹೀಗೆ ಮೌನವಾದ ಮಾತುಗಳು ಮರಳಿ ಕೇಳಿಸಿದ್ದು ಗೇ ಗಾಯನ ತಂಡಗಳಿಗಾಗಿ ಅದೇ ಭಾಗವನ್ನು ಅವರು ಮತ್ತೆ ಬರೆದಾಗ. ಅಲ್ಲಿ ಹಾಡುವವರು ತಾವು ಕಳೆದುಕೊಂಡವರ ಹೆಸರುಗಳನ್ನು ತಾವೇ ಸೇರಿಸಿ ಉಚ್ಚರಿಸುತ್ತಾರೆ. ಸಂಯೋಜಕನ ದುಃಖ ಹೀಗೆ ಊರೂರಿನ ದುಃಖವಾಗುವುದು ಪ್ರತಿಷ್ಠಿತ ವಾದ್ಯಮೇಳದ ಕೈಯಲ್ಲಿ ಆಗದ ಕೆಲಸ.

ಈ ತಂಡಗಳು ಶಾಸ್ತ್ರೀಯ ಕೃತಿಗಳಿಗಿಂತ ಬ್ರಾಡ್‌ವೇ ಗೀತೆಗಳನ್ನೂ ಜನಪ್ರಿಯ ಹಾಡುಗಳನ್ನೂ ಹೆಚ್ಚು ಹಾಡಿಲ್ಲವೆ ಎಂದು ಕೇಳಬಹುದು. ಹಾಡಿರಬಹುದು, ಟಿಕೆಟ್ ಮಾರಬೇಕಲ್ಲ. ಕಸುಬು ಮಾತ್ರ ಶಾಸ್ತ್ರೀಯವಾದದ್ದೇ. ಹೆಚ್ಚು ತೂಕದ ಆಕ್ಷೇಪ ಇನ್ನೊಂದು: ಇದು ನಗರದ, ಬಿಳಿಯ, ಕೈಯಲ್ಲಿ ಕಾಸಿದ್ದ ಗಂಡಸರ ಚರಿತ್ರೆ ಎಂಬುದು. ಇದರಲ್ಲಿ ಬಹಳಷ್ಟು ನಿಜವಿದೆ, ಮನೆ ಅಡವಿಡಲು ಮೊದಲು ಮನೆಯಿರಬೇಕು. ಆದರೆ ಆಂದೋಲನದ ಮೊದಲ ತಂಡ ಗಂಡಸರದ್ದೇ ಅಲ್ಲ. ಫಿಲಡೆಲ್ಫಿಯಾದಲ್ಲಿ ಕ್ಯಾಥರಿನ್ ರೋಮಾ ಆನಾ ಕ್ರೂಸಿಸ್ ಎಂಬ ಮಹಿಳೆಯರ ತಂಡವನ್ನು 1975ರಲ್ಲೇ ಕಟ್ಟಿದ್ದರು, ಸಿನ್ಸಿನಾಟಿಯಲ್ಲಿ 1984ರಲ್ಲಿ ಮತ್ತೊಂದನ್ನು. ಅವರೆಡೆಗೆ ಚರಿತ್ರಕಾರರ ಗಮನ ಕಡಿಮೆ ಹರಿದಿರುವುದು ನಿಜಕ್ಕೂ ಅನ್ಯಾಯ. ಮೆಟ್ಟಿಲ ಮೇಲಿನ ಹಾಡಿನಂಥ ನಾಟಕೀಯ ರಾತ್ರಿ ಅವರ ಕತೆಯಲ್ಲಿ ಇಲ್ಲವೆಂಬುದು ಅದಕ್ಕೊಂದು ಕಾರಣವಿರಬೇಕು. ನ್ಯೂಯಾರ್ಕಿನಲ್ಲಿ 1985ರಲ್ಲಿ ಕಪ್ಪು ಜನರೂ ಇತರ ವರ್ಣದವರೂ ಸೇರಿ ಲ್ಯಾವೆಂಡರ್ ಲೈಟ್ ಎಂಬ ಗಾಸ್ಪೆಲ್ ತಂಡ ಕಟ್ಟಿಕೊಂಡರು. ಮೆಂಡೆಲ್ಸನ್ನರ ಬದಲು ತಮ್ಮ ಚರ್ಚುಗಳ ಸಂಗೀತವನ್ನೇ ಅವರು ಹಿಡಿದದ್ದು ಸಹಜ. ಅಲ್ಲೂ ಆದದ್ದು ಒಂದೇ ಬಗೆಯ ಕೆಲಸ: ಬಾಲ್ಯದಲ್ಲಿ ಕಲಿತ, ಆಮೇಲೆ ನಿರಾಕರಿಸಲಾದ ಹಾಡನ್ನು ಮರಳಿ ಪಡೆಯುವುದು.

ಹಾಗಾದರೆ ಸಂಯೋಜಕರ ಬದುಕಿನ ಶೋಧ ವ್ಯರ್ಥವೆ? ಅಲ್ಲ. ಫಿಲಿಪ್ ಬ್ರೆಟ್ 1977ರಲ್ಲಿ ಪ್ರಕಟಿಸಿದ ಲೇಖನ, ಬ್ರಿಟ್ಟನ್ನರ ‘ಪೀಟರ್ ಗ್ರೈಮ್ಸ್’ ಆಪೆರಾದಲ್ಲಿ ಊರೇ ಒಬ್ಬನ ಬೆನ್ನುಹತ್ತುವ ಕತೆಯನ್ನು ಸಲಿಂಗಿಯ ಮೇಲಿನ ಸಾಮಾಜಿಕ ಒತ್ತಡದ ಬೆಳಕಿನಲ್ಲಿ ಓದಿ, ಸಂಗೀತಶಾಸ್ತ್ರಕ್ಕೆ ಹೊಸ ಕಣ್ಣು ಕೊಟ್ಟಿತು. ಆದರೆ ಶೂಬರ್ಟ್ ವಿಷಯದಲ್ಲಿ ನಡೆದದ್ದನ್ನು ನೋಡಿ. 1989ರಲ್ಲಿ ಮೇನಾರ್ಡ್ ಸಾಲೊಮನ್ ಅವನು ಸಲಿಂಗಿಯಾಗಿದ್ದಿರಬೇಕೆಂದು ವಾದಿಸಿದರು, 1993ರಲ್ಲಿ ರೀಟಾ ಸ್ಟೆಬ್ಲಿನ್ ಅದೇ ದಾಖಲೆಗಳನ್ನು ಬೇರೆಯಾಗಿ ಓದಿ ಅಲ್ಲಗಳೆದರು. ಒಂದು ದಿನಚರಿಯ ಸಾಲನ್ನು ಹೇಗೆ ಓದಬೇಕೆಂಬುದರ ಮೇಲೆ ಇಡೀ ಸಮುದಾಯದ ಸಾಂಸ್ಕೃತಿಕ ಹಕ್ಕು ನಿಲ್ಲುವುದಾದರೆ ಅದು ಬಹಳ ಬಡಪಾಯಿ ಹಕ್ಕು. ಶೂಬರ್ಟ್ ಯಾರನ್ನೇ ಪ್ರೀತಿಸಿರಲಿ, ಅವನ ಗಂಡುಕಂಠದ ಗೀತೆಗಳನ್ನು ಕಲಿತು ಹಾಡಿದವರಿಗೆ ಆ ಗೀತೆಗಳ ಮೇಲಿನ ಹಕ್ಕು ಅದರಿಂದ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ.

ನಮ್ಮಲ್ಲಿ ಈ ಬಗೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ನ್ಯಾಯಾಲಯದ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ: ಸಲಿಂಗ ಸಂಬಂಧ ಅಪರಾಧವಲ್ಲವೆಂದ 2009ರ ದೆಹಲಿ ತೀರ್ಪು, ಅದನ್ನು ತಳ್ಳಿಹಾಕಿದ 2013ರ ಹಿನ್ನಡೆ, ಸುಪ್ರೀಂ ಕೋರ್ಟ್ ಅದು ಅಪರಾಧವಲ್ಲವೆಂದು ಕೊನೆಗೂ ಹೇಳಿದ 2018ರ ಸೆಪ್ಟೆಂಬರ್ 6. ಆದರೆ ಬೆಂಗಳೂರಿನ ‘ಗುಡ್ ಆ್ಯಸ್ ಯು’ ಗುಂಪು 1994ರಿಂದಲೇ ಗುರುವಾರ ಸಂಜೆಗಳಲ್ಲಿ ಸೇರುತ್ತ ಬಂದಿದೆ, ಸುಪ್ರೀಂ ಕೋರ್ಟಿನ ಕೊನೆಯ ಮಾತಿಗಿಂತ ಇಪ್ಪತ್ತನಾಲ್ಕು ವರ್ಷ ಮೊದಲಿನಿಂದ. ಅದು ಸಂಗೀತದ ಗುಂಪಲ್ಲ, ಮಾತುಕತೆಯದು. ಕೆಲಸದ ವಾರದ ನಡುವಿನ ಸಂಜೆಯನ್ನೇ ಅದೂ ಆರಿಸಿಕೊಂಡಿತೆಂಬುದು ಗಮನಿಸಬೇಕಾದ ಮಾತು. ಮುಂಬಯಿಯಲ್ಲಿ 2014ರಲ್ಲಿ, ಅಂದರೆ ಸಲಿಂಗ ಸಂಬಂಧ ಮತ್ತೆ ಅಪರಾಧವಾಗಿದ್ದ ಅವಧಿಯಲ್ಲೇ, ‘ರೇನ್‌ಬೋ ವಾಯ್ಸಸ್’ ಎಂಬ ಗಾಯನ ತಂಡ ಹುಟ್ಟಿತು. ಇಂಥ ಗುಂಪುಗಳ ಹಾಜರಿ ಪುಸ್ತಕ, ಕರಪತ್ರ, ಹಾಡಿನ ಹಾಳೆ, ಬಾಡಿಗೆ ರಸೀದಿಗಳನ್ನು ತೀರ್ಪಿನ ಪ್ರತಿಗಳಷ್ಟೇ ಜೋಪಾನವಾಗಿ ಕೂಡಿಡುವ ಕೆಲಸ ಆಗಬೇಕು. ಅಮೆರಿಕದ ತಂಡಗಳ ಕತೆಯನ್ನು ಇಂದು ಇಷ್ಟು ವಿವರವಾಗಿ ಹೇಳಲು ಸಾಧ್ಯವಾಗಿರುವುದು ಅಲ್ಲಿನವರು ತಮ್ಮ ಕಾಗದಪತ್ರಗಳನ್ನೂ ಧ್ವನಿಮುದ್ರಣಗಳನ್ನೂ ಎಸೆಯದೆ ಉಳಿಸಿಕೊಂಡದ್ದರಿಂದ.